ಪಾತ್ರ ಸತ್ತಿತು, ಆಡುತ್ತಿದ್ದವನು?

ಗುಡಿಬಂಡೆ ಕೋಟೆಯ ದೊಣೆಯೊಂದರ ಪಕ್ಕದಲ್ಲಿ ಶಿಡ್ಲಘಟ್ಟದ ಒಬ್ಬ ರೇಷ್ಮೆ ನೂಲು ಬಿಚ್ಚುವ ರೀಲರ್ ಸತ್ತ. ಅದು ನಡೆದದ್ದು ಚಿಂತಾಮಣಿಯ ನಮ್ಮ ನಡುಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಇಪ್ಪತ್ತು ಮುಖದ ದಾಳ ಚಾಪೆಯ ಮೇಲೆ ಉರುಳಿ 7 ತೋರಿಸಿದಾಗ. ಆ ಪಾತ್ರವನ್ನು ಎಂಟು ತಿಂಗಳಿಂದ ಆಡಿಕೊಂಡು ಬಂದಿದ್ದವನು ನಮ್ಮಕ್ಕನ ಮಗ. "ಪೋಯಾಡಾ?" ಎಂದು ಪಕ್ಕದ ಹುಡುಗ ತೆಲುಗಿನಲ್ಲಿ ಕೇಳಿದ. ನಾನು ಹೂಂ ಎಂದು ತಲೆಯಾಡಿಸಿ, ಮುಂದಿನವರ ಸರದಿ ಕೂಗಿಬಿಟ್ಟೆ. ಅಕ್ಕನ ಮಗ ಎದ್ದು ಹಿತ್ತಿಲಿಗೆ ಹೋದವನು ಆಟ ಮುಗಿಯುವವರೆಗೆ ಒಳಗೆ ಬರಲಿಲ್ಲ.

ಕಥೆ ನಡೆಸುತ್ತಿದ್ದವನು ನಾನು. ತಪ್ಪು ನನ್ನದೇ. ನಾಲ್ಕೈದು ಜನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾ, ಅನುಮಾನ ಬಂದಲ್ಲಿ ದಾಳ ಎಸೆದು ಕಥೆ ಕಟ್ಟುವ ಆಟ ಇದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನಿಂದ ಬೆಳೆದು ಬಂದದ್ದು. ಕಥೆ ನಡೆಸುವವನನ್ನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ, ಅನ್ನುತ್ತಾರೆ. ಪಾತ್ರದ ಸಾವಿನ ಬಗ್ಗೆ ನನ್ನ ತಲೆಯಲ್ಲಿದ್ದ ಕೆಲವು ನಂಬಿಕೆಗಳು ಆ ಭಾನುವಾರದ ನಂತರ ಒಂದೊಂದಾಗಿ ಕಳಚಿದವು.

ತಪ್ಪು ಕಲ್ಪನೆ: ಪಾತ್ರ ಸತ್ತರೆ ಸೋತ ಹಾಗೆ

ಇದು ಚೌಕಾಬಾರದಿಂದ ಬಂದ ಅಭ್ಯಾಸ. ಅಲ್ಲಿ ಕಾಯಿ ಕಡಿದರೆ ಮತ್ತೆ ಮೊದಲಿನ ಮನೆಯಿಂದ ಹೊರಡಬೇಕು. ಆದರೆ ಚೌಕಾಬಾರದ ಕಾಯಿ ಒಂದು ಬಳೆಚೂರು. ಅದಕ್ಕೆ ಹೆಸರಿಲ್ಲ, ಅಮ್ಮ ಇಲ್ಲ, ತೀರಿಸಬೇಕಾದ ಸಾಲ ಇಲ್ಲ. ನಮ್ಮ ಹುಡುಗನ ರೀಲರ್‌ಗೆ ಇವೆಲ್ಲ ಇದ್ದವು. ಗೂಡಿನ ಮಾರುಕಟ್ಟೆಯಲ್ಲಿ ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕ ಕೂಡ ಅವನ ಪಾತ್ರದ ವಿವರಗಳ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು.

ಮೊದಮೊದಲು ಈ ಆಟವೂ ಚೌಕಾಬಾರಕ್ಕೆ ಹತ್ತಿರವೇ ಇತ್ತು. ಮೂರು ದಾಳ ಆರು ಸಲ ಎಸೆದರೆ ಪಾತ್ರದ ಗುಣಗಳು ಸಿದ್ಧ. ಸತ್ತರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು. 1975ರಲ್ಲಿ ಒರಿಜಿನ್ಸ್ ಸಮಾವೇಶದ ಸ್ಪರ್ಧೆಗೆಂದು ಗೈಗ್ಯಾಕ್ಸ್ ತಂದ 'ಟೂಂಬ್ ಆಫ್ ಹಾರರ್ಸ್' ಎಂಬ ಕಥಾಭಾಗ ಎಂಥ ಪಳಗಿದ ಪಾತ್ರವನ್ನೂ ಕೊಲ್ಲುತ್ತದೆ ಎಂದೇ ಹೆಸರಾಯಿತು. ಇವತ್ತು ಜನ ಪಾತ್ರಕ್ಕೆ ಪುಟಗಟ್ಟಲೆ ಪೂರ್ವಕಥೆ ಬರೆಯುತ್ತಾರೆ. ಅದಕ್ಕೇ ಒಂದು ಪಾತ್ರ ಹೋದರೆ ಹೆಚ್ಚು ನೋಯುತ್ತದೆ. ಅಂಥ ಸ್ಪರ್ಧೆಗಳನ್ನು ಬಿಟ್ಟರೆ ಸೋಲು ಗೆಲುವಿನ ಮಾತು ಇಲ್ಲಿ ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ತಪ್ಪು ಕಲ್ಪನೆ: ದಾಳ ಹೇಳಿತು, ನಮ್ಮ ಕೈಯಲ್ಲೇನಿದೆ?

ನಾನು ಗಟ್ಟಿಯಾಗಿ ನಂಬಿದ್ದ ಮಾತು ಇದೇ. 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮವನ್ನೇ ನೋಡಿ. ಜೀವಬಲದ ಎಣಿಕೆಯಾದ ಹಿಟ್ ಪಾಯಿಂಟ್ ಸೊನ್ನೆಗಿಳಿದರೆ ಸಾಮಾನ್ಯವಾಗಿ ಪಾತ್ರ ಸಾಯುವುದಿಲ್ಲ, ಪ್ರಜ್ಞೆ ತಪ್ಪುತ್ತದೆ. ತನ್ನ ಪ್ರತಿ ಸರದಿಗೂ ಇಪ್ಪತ್ತು ಮುಖದ ದಾಳ ಎಸೆಯಬೇಕು. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ, ಮೂರು ಸೋಲಾದರೆ ಹೋಗುತ್ತದೆ. 1 ಬಿದ್ದರೆ ಎರಡು ಸೋಲಿನ ಲೆಕ್ಕ, 20 ಬಿದ್ದರೆ ಪಾತ್ರ ಕಣ್ಣು ಬಿಟ್ಟು ಏಳುತ್ತದೆ. ಅಂದರೆ ನಿಯಮವೇ ನಡುವೆ ಸಮಯ ಇಟ್ಟಿದೆ, ಜೊತೆಗಾರರು ಓಡಿ ಬರಲಿ ಎಂದು. ನಾನು ಆ ಸಮಯವನ್ನು ಯಾರಿಗೂ ಕೊಡಲಿಲ್ಲ. "ಎಸಿ, ಎಸಿ" ಎಂದು ಅವಸರ ಮಾಡಿದೆ.

ಹಾಗೆಂದು ದಾಳವನ್ನು ಮರೆಯಲ್ಲಿಟ್ಟುಕೊಂಡು ಗುಟ್ಟಾಗಿ ಎಣಿಕೆ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಒಂದು ಸಲ ಗೊತ್ತಾದರೆ ಸಾಕು, ಅಲ್ಲಿಂದಾಚೆ ಗೆದ್ದದ್ದೂ ಗೆದ್ದ ಹಾಗಾಗುವುದಿಲ್ಲ. ಸಾವು ಬರಬಹುದೋ ಇಲ್ಲವೋ ಎಂದು ದಾಳ ಎಸೆಯುವ ಮೊದಲೇ ಬಾಯಿಬಿಟ್ಟು ಹೇಳಬೇಕು. ನಮ್ಮ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲಿನ ಬೆಟ್ಟದಲ್ಲಿ ಎಂದು ಈ ಕಡೆಯವರೆಲ್ಲ ನಂಬುತ್ತೇವೆ. ಆ ಕಥೆಯ ಬ್ರಾಹ್ಮಣನ ಮನೆಯವರಿಗೆ ರಾಕ್ಷಸನ ಬಳಿಗೆ ಊಟದ ಬಂಡಿಯೊಂದಿಗೆ ಹೋಗುವ ಸರದಿ ಯಾವತ್ತು ಎಂದು ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅಪ್ಪ ನಾನು ಹೋಗುತ್ತೇನೆಂದ, ಅಮ್ಮ ನಾನು ಎಂದಳು, ಮಗಳು ನಾನು ಎಂದಳು, ಮಾತು ಸರಿಯಾಗಿ ಬಾರದ ಮಗು ಹುಲ್ಲುಕಡ್ಡಿ ಹಿಡಿದು ರಾಕ್ಷಸನನ್ನು ನಾನೇ ಕೊಲ್ಲುತ್ತೇನೆಂದಿತು. ಬಂಡಿ ಏಕಾಏಕಿ ಬಂದು ಯಾರನ್ನೋ ಎಳೆದೊಯ್ದಿದ್ದರೆ ಆ ಮಾತುಕತೆಯೇ ಇರುತ್ತಿರಲಿಲ್ಲ. ಈಗ ನಾನು ಕೋಟೆಯ ಬಾಗಿಲಲ್ಲೇ ಹೇಳುತ್ತೇನೆ: "ಇಲ್ಲಿಂದ ಮುಂದೆ ಪ್ರಾಣ ಹೋಗಬಹುದು. ಹೋಗ್ತೀರಾ?"

ಆಟ ಶುರುವಾಗುವ ಮೊದಲೇ ಕೂತು ಏನು ಬೇಕು, ಏನು ಬೇಡ ಎಂದು ಮಾತಾಡಿಕೊಳ್ಳುವುದೂ ಇದರಲ್ಲೇ ಬರುತ್ತದೆ. ಇದನ್ನು 'ಸೆಷನ್ ಝೀರೋ' ಅನ್ನುತ್ತಾರೆ. ಹೊಸ ಕಥೆಗೆ ಕೂತಾಗ ನಮ್ಮ ಗುಂಪಿನಲ್ಲಿದ್ದ ಗೌರಿಬಿದನೂರಿನ ಹುಡುಗಿ ಒಂದೇ ಮಾತು ಹೇಳಿದಳು: ವಿದುರಾಶ್ವತ್ಥ ಬೇಡ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಬಿದ್ದವರು ಹಾಳೆಯ ಮೇಲಿನ ಪಾತ್ರಗಳಲ್ಲ, ನಮ್ಮ ಸುತ್ತಿನ ಊರುಗಳ ಜನ. ಯಾರೂ ಎದುರು ಮಾತಾಡಲಿಲ್ಲ. ಆ ಹೆಸರನ್ನು ಆಟದ ನಕ್ಷೆಯಿಂದ ತೆಗೆದೆವು.

ತಪ್ಪು ಕಲ್ಪನೆ: ಸತ್ತವರನ್ನು ಎಬ್ಬಿಸಿದರೆ ಸಾವಿಗೆ ಬೆಲೆ ಉಳಿಯುವುದಿಲ್ಲ

ಬೆಲೆ ಕೇಳದೆ ಎಬ್ಬಿಸಿದರೆ ಉಳಿಯುವುದಿಲ್ಲ, ನಿಜ. ಅದೇ ಐದನೇ ಆವೃತ್ತಿಯಲ್ಲಿ 'ರಿವಿವಿಫೈ' ಮಂತ್ರಕ್ಕೆ 300 ಚಿನ್ನದ ನಾಣ್ಯದಷ್ಟು ವಜ್ರ ಬೇಕು, ಸತ್ತು ಒಂದು ನಿಮಿಷದೊಳಗೆ ಪ್ರಯೋಗಿಸಬೇಕು. 'ರೇಸ್ ಡೆಡ್'ಗೆ ಹತ್ತು ದಿನದವರೆಗೆ ಅವಕಾಶವಿದೆ. ವಜ್ರಕ್ಕೆ 500 ನಾಣ್ಯ. ಎದ್ದವನು ಕೆಲವು ದಿನ ನಿತ್ರಾಣನಾಗಿ, ಎಸೆದ ಎಣಿಕೆಯಲ್ಲೆಲ್ಲ ಕಳೆದುಕೊಳ್ಳುತ್ತಾ ಇರುತ್ತಾನೆ. ಬಭ್ರುವಾಹನನ ಕಥೆ ಗೊತ್ತಿರುವ ನಮಗೆ ಇದು ಹೊಸದೇ? ಮಗನ ಬಾಣಕ್ಕೆ ಬಿದ್ದ ಅರ್ಜುನ ಉಲೂಪಿಯ ಸಂಜೀವಕ ಮಣಿಯಿಂದ ಎದ್ದು ಕೂತ. ಮಗ ಕೊಂದ ಎಂಬುದು ಮಾತ್ರ ಅಳಿಯಲಿಲ್ಲ.

ತಪ್ಪು ಕಲ್ಪನೆ: ಹಾಳೆಯ ಮೇಲಿನ ಸಾವಿಗೆ ಅಳುವವನಿಗೆ ಏನೋ ಆಗಿದೆ

1979ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಪತ್ರಿಕೆಗಳು ಈ ಆಟವನ್ನೇ ದೂರಿದವು. ಹುಡುಕಲು ಹೊರಟಿದ್ದ ಪತ್ತೇದಾರ ವಿಲಿಯಂ ಡಿಯರ್ 1984ರ ತನ್ನ ಪುಸ್ತಕದಲ್ಲಿ ಕಾರಣಗಳು ಬೇರೆ ಇದ್ದವು ಎಂದು ಬರೆದ. ಅಷ್ಟರಲ್ಲಿ ಹೆದರಿಕೆ ಊರೂರು ಹರಡಿಯಾಗಿತ್ತು. ನಾಟಕದಲ್ಲಿ ಅಭಿಮನ್ಯು ಬಿದ್ದಾಗ ಚಾಪೆಯ ಮೇಲೆ ಕೂತ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡುತ್ತಾ ಬೆಳೆದವನು ನಾನು. ಅವರನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲ.

ತಪ್ಪು ಕಲ್ಪನೆ: ಸತ್ತವನಿಗೆ ಇನ್ನೇನು ಕೆಲಸ?

ನಮ್ಮ ಕಡೆ ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕಗಳಲ್ಲಿ ಸತ್ತು ಬಿದ್ದ ವೀರನೂ "ಒನ್ಸ್ ಮೋರ್" ಕೂಗು ಬಂದರೆ ಎದ್ದು ಇನ್ನೊಮ್ಮೆ ಹಾಡುತ್ತಿದ್ದ. ಆಮೇಲೆ ಮತ್ತೆ ಮಲಗುತ್ತಿದ್ದ. ಪಾತ್ರ ಸತ್ತರೂ ಆಡಿದವನು ಜನಕ್ಕೆ ಬೇಕಿದ್ದ. ನಾನು ಅದನ್ನೇ ಮರೆತಿದ್ದೆ. ಪ್ರಾಣ ಹೋಗುವ ಗಳಿಗೆಯಲ್ಲಿ ಪಾತ್ರದ ಕೊನೆಯ ಮಾತು ಏನು ಎಂದು ಆಡಿದವನನ್ನೇ ಕೇಳಬೇಕು. ಅವನು ಹೇಳುವವರೆಗೆ ಮಿಕ್ಕವರ ದಾಳ ಕೆಳಗಿರಬೇಕು. ಆಮೇಲೆ ಅವನ ಕೈಗೆ ಏನಾದರೂ ಕೊಡಬೇಕು: ಕಾವಲುಗಾರನ ಪಾತ್ರ, ಶತ್ರುವಿನ ಒಂದು ಸರದಿ, ಏನಾದರೂ ಸರಿ.

ಮುಂದಿನ ಭಾನುವಾರ ಆಟಕ್ಕೆ ಮೊದಲು ಅವನನ್ನು ಕರೆದು ತಪ್ಪಾಯಿತು ಎಂದೆ. "ಬಿಡು ಮಾಮ" ಎಂದ. ಕೈಯಲ್ಲಿ ಹೊಸ ಹಾಳೆಯಿತ್ತು. ರೀಲರ್‌ನ ತಂಗಿ, ಅಣ್ಣನನ್ನು ಹುಡುಕಿಕೊಂಡು ಶಿಡ್ಲಘಟ್ಟದಿಂದ ಬಂದವಳು. ಗುಡಿಬಂಡೆ ಬೆಟ್ಟದ ಕೆಳಗೆ, ಮಿಕ್ಕ ನಾಲ್ವರು ಬೆಂಕಿ ಹಾಕಿಕೊಂಡು ಕೂತಿದ್ದ ಕಡೆಗೆ ಅವಳು ನಡೆದು ಬಂದಳು.

"ನಮ್ಮಣ್ಣ ಹೆಂಗೆ ಸತ್ತೋದ? ನಿಮ್ಮಲ್ಲಿ ಯಾರು ನೋಡಿದ್ದು?"

ಆ ಸಂಜೆಯೆಲ್ಲ ನಾಲ್ವರೂ ಸರದಿಯ ಮೇಲೆ ಅವಳಿಗೆ ಅದನ್ನೇ ಹೇಳಿದರು. ನಾನು ದಾಳ ಮುಟ್ಟಲಿಲ್ಲ.