ಹಳೆಯ ಬುಲೆಟ್ಟೋ, ಈಚಿನದೋ?

ಬಳಸಿದ ಬುಲೆಟ್ ಮೋಟಾರು ಸೈಕಲ್ಲನ್ನು ಕೊಳ್ಳಹೊರಟಿರುವಿರೇನು? ಬಣ್ಣ ಬೆಲೆಗಳಿಗೆ ಮೊದಲು ನೋಂದಣಿ ಪತ್ರದಲ್ಲಿ ಗಾಡಿ ತಯಾರಾದ ತಿಂಗಳು, ವರ್ಷಗಳನ್ನು ಓದಿರಿ. ನೋಂದಣಿಯ ದಿನವೇ ಅದರ ಹುಟ್ಟಿದ ದಿನವಲ್ಲ. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟಿನಲ್ಲಿ ಸಾಮಾನ್ಯವಾಗಿ ಗೇರು ಬಲಗಾಲಿಗೆ, ಹಿಂಬದಿಯ ಬ್ರೇಕು ಎಡಗಾಲಿಗೆ, ಈಚಿನವುಗಳಲ್ಲಿ ತಿರುವುಮುರುವು. ಬೇರೆ ಗಾಡಿಯಲ್ಲಿ ಕಲಿತ ಮಗನು, ಅಡ್ಡ ಬಂದ ಹಸುವನ್ನು ಕಂಡು ಬಲಗಾಲನ್ನೊತ್ತಿದರೆ ಸಿಕ್ಕುವುದು ಬ್ರೇಕಲ್ಲ, ಗೇರು! ಗುಡುಗುಡು ನಾದಕ್ಕೆ ಮರುಳಾದವರು (ನಾನೂ ಅವರಲ್ಲೊಬ್ಬನೇ) ಇದನ್ನು ಮರೆಯುವುದುಂಟು. 2019ರ ಏಪ್ರಿಲ್ಲಿನಿಂದ 125 ಸಿ.ಸಿ. ಮೀರಿದ ಹೊಸ ಗಾಡಿಗಳಿಗೆಲ್ಲ, ಬ್ರೇಕು ಬಿಗಿದಾಗ ಚಕ್ರವು ಕಚ್ಚಿ ಜಾರದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು. 2020ರಲ್ಲಿ ಬುಲೆಟ್ಟಿನ ಕಾರ್ಬುರೇಟರು ಹೋಗಿ ಇಂಧನ ಚಿಮ್ಮಿಸುವ ಏರ್ಪಾಡು ಬಂತು. ಅದು ಕೆಟ್ಟರೆ ಓಣಿಯ ಮೆಕ್ಯಾನಿಕ್ಕಿನ ಸ್ಪ್ಯಾನರೊಂದೇ ಸಾಲದು. ಆದರೂ ನಿತ್ಯದ ಓಡಾಟಕ್ಕೆ ನಾನು 2019ರ ಈಚಿನದನ್ನೇ ಆರಿಸುವೆನು. ಹಳೆಯದೇ ಬೇಕೆಂಬವರು ಮೊದಲು ಖಾಲಿ ಮೈದಾನದಲ್ಲಿ ವಾರವೊಪ್ಪತ್ತು ಕಾಲನ್ನು ಪಳಗಿಸಿಕೊಳ್ಳಲಿ.