ಹಳೇ ಸೈಕಲ್ ಆಫೀಸಿಗೆ ಬರುತ್ತೆ, ದಾರಿ ಬಿಟ್ಟರೆ

ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಸೈಕಲ್ ಕಾರ್ಖಾನೆ ಬಾಗಿಲು ಮುಚ್ಚಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ! ಆದರೆ ಆ ಕಾಲದ ಉಕ್ಕಿನ ಸೈಕಲ್‌ಗಳು ಸತ್ತಿಲ್ಲ. ಸೆಕ್ಯುರಿಟಿ ಗಾರ್ಡ್‌ಗಳು, ಗಾರೆ ಕೆಲಸದವರು ಇವತ್ತಿಗೂ ಓಡಿಸ್ತಿದ್ದಾರೆ. ತುಕ್ಕು ಹಿಡೀತಿರೋದು ನಮ್ಮಂಥವರ ಮನೆಯ ಮೆಟ್ಟಿಲ ಕೆಳಗಿರುವವು. ಬೆಂಗಳೂರಿನ ಓಡಾಟಕ್ಕೆ ಅಪ್ಪನ 28 ಇಂಚಿನ ಸೈಕಲನ್ನೇ ನಾನು ಸಜ್ಜು ಮಾಡಿಕೊಂಡೆ. ಕಲಿತ ಇಂಜಿನಿಯರಿಂಗ್ ಅಂತೂ ಒಂದು ಕೆಲಸಕ್ಕೆ ಬಂತು.

ಫ್ರೇಮ್ ಹಾಗೇ ಇರಲಿ. ಉಕ್ಕು ಸಾಮಾನ್ಯವಾಗಿ ಮುರಿಯುವ ಮೊದಲು ಬಾಗುತ್ತದೆ. ಬಿರುಕು ಬಿಟ್ಟರೂ ಬೆಸುಗೆ ಹಾಕುವವರು ಊರೂರಲ್ಲೂ ಸಿಗ್ತಾರೆ. ಕೊಳವೆಗಳು ಸೇರುವ ಕಡೆ ಆಳವಾದ ತುಕ್ಕು, ಬಿರುಕು ಇಲ್ಲದಿದ್ದರೆ ಸಾಕು.

ಮೊದಲ ಖರ್ಚು ಬ್ರೇಕಿಗೆ. ಕ್ರೋಮ್ ಹೊಳಪಿನ ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ರಬ್ಬರ್ ಜಾರುತ್ತದೆ. ರಾಡ್ ಬ್ರೇಕ್ ಎಷ್ಟು ಒತ್ತಿದರೂ ಸೈಕಲ್ ಮುಂದೆ ಹೋಗ್ತಾನೇ ಇರುತ್ತೆ. ಒದ್ದೆಯಾದಾಗ ಅಲ್ಯೂಮಿನಿಯಂ ರಿಮ್ ಎಷ್ಟೋ ವಾಸಿ. ಎರಡೂ ಚಕ್ರ ಒಟ್ಟಿಗೇ ಬದಲಿಸಬೇಕಿಲ್ಲ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಈ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 32 ಕಡ್ಡಿ, ಹಿಂದೆ 40. ಹಾಗಾಗಿ ಮುಂದಿನ ಹಬ್‌ಗೆ 32 ತೂತಿನ 700ಸಿ ಅಲ್ಯೂಮಿನಿಯಂ ರಿಮ್ ಕೂರಿಸಬಹುದು. ಕಡ್ಡಿ ಮಾತ್ರ ಹೊಸ ಅಳತೆಯವು ಬೇಕು. ಟೈರ್ ಕೂರುವ ವ್ಯಾಸ ಹಳೆಯದರಲ್ಲಿ 635 ಮಿ.ಮೀ., ಹೊಸದರಲ್ಲಿ 622. ಅಂದರೆ ರಿಮ್ಮಿನ ಅಂಚು 6.5 ಮಿ.ಮೀ. ಒಳಕ್ಕೆ ಸರಿಯುತ್ತದೆ. ಅಲ್ಲಿಗೆ ಮುಟ್ಟುವಷ್ಟು ಉದ್ದ ತೋಳಿನ ಕ್ಯಾಲಿಪರ್ ಬ್ರೇಕ್ ಬೇಕು. ಅಳೆಯದೆ ಕೊಳ್ಳಬೇಡಿ.

ಆಮೇಲೆ ಫ್ರೀವೀಲ್. ಪೆಡಲ್ ಕಡೆ 44 ಹಲ್ಲು, ಹಿಂದೆ 18 ಇದ್ದರೆ ಒಂದು ಸುತ್ತು ತುಳಿದಾಗ ಸುಮಾರು 5.4 ಮೀಟರ್ ಮುಂದೆ ಹೋಗ್ತೀವಿ. ಸಮತಟ್ಟಾದ ಊರಿಗೆ ಅದು ಸರಿ, ಫ್ಲೈಓವರ್ ಏರೋಕೆ ಕಷ್ಟ. ಹಿಂದಿನದನ್ನು 22 ಹಲ್ಲಿಗೆ ಬದಲಿಸಿದರೆ ಅದು 4.4 ಮೀಟರ್ ಆಗುತ್ತದೆ. ವೇಗ ಸ್ವಲ್ಪ ಕಮ್ಮಿ, ಮಂಡಿಗೆ ಆರಾಮ. ಚೈನ್ ಒಂಚೂರು ಉದ್ದ ಬೇಕಾಗಬಹುದು.

ಕೊನೆಗೆ ಎಲ್‌ಇಡಿ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಹೇಗೂ ಇದ್ದೇ ಇವೆ. ಹೊಸ ಸೈಕಲ್‌ಗೆ ಇವನ್ನೇ ಬೇರೆ ದುಡ್ಡು ಕೊಟ್ಟು ಹಾಕಿಸಬೇಕು.

ಸ್ಪ್ಯಾನರ್ ಕೆಲಸ ಇಲ್ಲಿಗೆ ಮುಗಿಯಿತು. ಉಳಿದಿದ್ದು ರಾಜಕೀಯ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದ್ದರು. ಬೈಕುಗಳು ನುಗ್ಗಿದವು, ಗೂಟಗಳು ಹೋದವು. "ಸೈಕಲ್ ಹೊಡೆಯೋರು ಯಾರಿದ್ದಾರೆ?" ಅಂತ ಕೇಳುವವರ ಕಣ್ಣಿಗೆ ಬೀಳೋದು ಹೆಲ್ಮೆಟ್ ಹಾಕಿದ ಟೆಕ್ಕಿಗಳು ಮಾತ್ರ. ರಾತ್ರಿ ಪಾಳಿ ಮುಗಿಸಿ, ದೀಪವಿಲ್ಲದ ಸೈಕಲ್ಲಲ್ಲಿ ಮನೆಗೆ ಹೋಗುವ ಗಾರ್ಡ್ ಆ ಲೆಕ್ಕಕ್ಕೇ ಬರಲ್ಲ. ಅವರ ಸೈಕಲ್ಲೂ ನನ್ನದೂ ಒಂದೇ. ನನ್ನದಕ್ಕೆ 'ವಿಂಟೇಜ್' ಅಂತಾರೆ, ಅವರದಕ್ಕೆ 'ಡಕೋಟ'. ಬ್ರೇಕ್ ನಾವೇ ಹಾಕಿಸಿಕೊಳ್ಳಬಹುದು. ದಾರಿಯನ್ನು ಮಾತ್ರ ಇಬ್ಬರೂ ಸೇರಿ ಕೇಳಬೇಕು.