ಗುಂಯ್‌ಗುಡುವ ಆಂಪ್ಲಿಫೈಯರ್

ಎಲ್‌ಎ4440 ಐಸಿ, 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, 4700 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವನ್ನೂ ಒಂದಿಷ್ಟು ಸಣ್ಣಪುಟ್ಟ ಸಾಮಾನನ್ನೂ ತಂದರೆ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಬಹುದು. ಹಾಡು ಚೆನ್ನಾಗಿಯೇ ಬರುತ್ತದೆ. ಆದರೆ ಹಾಡು ನಿಂತರೂ ಸ್ಪೀಕರಿನಿಂದ ಗುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಇದಕ್ಕೆ ಹೆಚ್ಚಿನವರು ಮೊದಲು ಐಸಿ ಬದಲಿಸುತ್ತಾರೆ, ಆಮೇಲೆ ಇನ್ನೂ ದೊಡ್ಡ ಕೆಪ್ಯಾಸಿಟರ್ ಹಾಕುತ್ತಾರೆ. ದುಡ್ಡು ಖರ್ಚಾಗುತ್ತದೆ, ಸದ್ದು ಹಾಗೇ ಉಳಿಯುತ್ತದೆ. ಬಹಳಷ್ಟು ಸಲ ತಪ್ಪಿರುವುದು ಸಾಮಾನಿನಲ್ಲಲ್ಲ, ಗ್ರೌಂಡ್ ತಂತಿಯನ್ನು ಎಲ್ಲಿಂದ ಎಲ್ಲಿಗೆ ಎಳೆದಿದ್ದೇವೆ ಎಂಬುದರಲ್ಲಿ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕಿವಿಗೊಟ್ಟು ಕೇಳಬೇಕು. ನಮ್ಮ ಮನೆಗಳ ಕರೆಂಟು 50 ಹರ್ಟ್ಜ್‌ನದು. ಡಯೋಡುಗಳ ಬ್ರಿಡ್ಜ್ ಅದರ ಎರಡೂ ಅರ್ಧಗಳನ್ನು ಒಂದೇ ಕಡೆಗೆ ತಿರುಗಿಸುವುದರಿಂದ ಅಲ್ಲಿಂದ ಮುಂದೆ ಏರಿಳಿತ 100 ಹರ್ಟ್ಜ್. ಸಂಗೀತ ಬಲ್ಲವರಿಗೆ ಇವೆರಡೂ ಒಂದೇ ಸ್ವರ, ನಡುವೆ ಒಂದು ಸ್ಥಾಯಿಯ ಅಂತರವಷ್ಟೆ. ಆಳವಾಗಿ, ನಯವಾಗಿ ಕೇಳಿದರೆ 50. ಅದು ಸಾಮಾನ್ಯವಾಗಿ ಹೊರಗಿನಿಂದ ನುಸುಳಿದ್ದು. ಜುಂಯ್ ಎಂದು ಒರಟಾಗಿ ಕೇಳಿದರೆ ಸಪ್ಲೈ ಕಡೆಯದು. ಆಮೇಲೆ ವಾಲ್ಯೂಮನ್ನು ಪೂರ್ತಿ ಇಳಿಸಿ. ಸದ್ದು ಮಾಯವಾದರೆ ದೋಷ ವಾಲ್ಯೂಮ್ ಕಂಟ್ರೋಲಿನ ಹಿಂದೆ, ಅಂದರೆ ಇನ್‌ಪುಟ್ ತಂತಿಯಲ್ಲೋ ಹಾಡು ಬರುವ ಸಾಧನದಲ್ಲೋ ಇದೆ. ಇಳಿಸಿದರೂ ಹಾಗೇ ಇದ್ದರೆ ಅದರ ಮುಂದಿದೆ. ಇಷ್ಟರಿಂದಲೇ ಹುಡುಕುವ ಕೆಲಸ ಅರ್ಧ ಮುಗಿಯುತ್ತದೆ.

ಗ್ರೌಂಡ್ ಅಂದರೆ ಎಲ್ಲೆಲ್ಲೂ ಸೊನ್ನೆ ವೋಲ್ಟ್ ಎಂದು ನಕ್ಷೆ ಹೇಳುತ್ತದೆ. ಆದರೆ ಪೆಟ್ಟಿಗೆಯೊಳಗೆ ಅದೂ ಒಂದು ತಾಮ್ರದ ತಂತಿ, ಅದಕ್ಕೂ ರೋಧವಿದೆ. ಅರ್ಧ ಚದರ ಮಿಲಿಮೀಟರ್‌ನ ತಂತಿಯ 10 ಸೆಂಟಿಮೀಟರ್ ತುಂಡಿಗೆ ಸುಮಾರು 3.4 ಮಿಲಿಓಮ್. ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದೆನಿಸಬಹುದು. ಆದರೆ ಹಾಡಿಲ್ಲದಾಗಲೂ ಈ ಐಸಿ ಸುಮಾರು 0.1 ಆಂಪಿಯರ್ ಎಳೆಯುತ್ತಿರುತ್ತದೆ. ಅಷ್ಟನ್ನೂ ಮತ್ತೆ ತುಂಬಿಕೊಳ್ಳಲು ಕೆಪ್ಯಾಸಿಟರಿಗೆ ಸಿಗುವುದು ವೋಲ್ಟೇಜ್ ತುತ್ತತುದಿಗೇರಿದ ಕೆಲವೇ ಕ್ಷಣ. ಹಾಗಾಗಿ ಬ್ರಿಡ್ಜ್‌ನಿಂದ ಕೆಪ್ಯಾಸಿಟರಿಗೆ ಕರೆಂಟು ಒಂದೇ ಸಮನೆ ಹರಿಯುವುದಿಲ್ಲ; ಸೆಕೆಂಡಿಗೆ 100 ಸಲ, ಸರಾಸರಿಯ ಹಲವು ಪಟ್ಟು ಜೋರಾಗಿ ನುಗ್ಗುತ್ತದೆ. ಅದನ್ನು ಅರ್ಧ ಆಂಪಿಯರ್ ಎಂದಿಟ್ಟುಕೊಂಡರೂ ಆ ತುಂಡು ತಂತಿಯ ಎರಡು ತುದಿಗಳ ನಡುವೆ 1.7 ಮಿಲಿವೋಲ್ಟ್ ಏಳುತ್ತದೆ. ಇನ್‌ಪುಟ್ ಶೀಲ್ಡ್ ವೈರಿನ ಗ್ರೌಂಡನ್ನು ಬ್ರಿಡ್ಜ್ ಕಡೆಯ ತುದಿಗೆ ಸೋಲ್ಡರ್ ಮಾಡಿದ್ದರೆ ಈ 1.7 ಮಿಲಿವೋಲ್ಟ್ ಹಾಡಿನ ಜೊತೆ ಸೇರಿಕೊಳ್ಳುತ್ತದೆ. ಐಸಿಗೆ ಭೇದ ತಿಳಿಯುವುದಿಲ್ಲ. ಬಂದದ್ದನ್ನೆಲ್ಲ ಮುನ್ನೂರು ಪಟ್ಟಿಗೂ ಹೆಚ್ಚು ಹಿಗ್ಗಿಸಿ ಕಳಿಸುತ್ತದೆ, ಸ್ಪೀಕರಿಗೆ ಅರ್ಧ ವೋಲ್ಟಿನ ಗುಂಯ್‌ಕಾರ ತಲುಪುತ್ತದೆ. ದೊಡ್ಡ ಕೆಪ್ಯಾಸಿಟರ್ ಹಾಕಿದರೆ ಈ ನುಗ್ಗಾಟದ ಅವಧಿ ಕುಗ್ಗಿ ಎತ್ತರ ಹೆಚ್ಚುತ್ತದೆ, ಸದ್ದು ಇನ್ನಷ್ಟು ಕೆಡಲೂಬಹುದು.

ಪರಿಹಾರಕ್ಕೆ ಬೇಕಾದದ್ದು ಸೋಲ್ಡರಿಂಗ್ ಐರನ್ ಒಂದೇ. ಬ್ರಿಡ್ಜ್‌ನ ಮೈನಸ್ಸಿನಿಂದ ಕೆಪ್ಯಾಸಿಟರಿನ ಮೈನಸ್ಸಿಗೆ ಗಿಡ್ಡ ತಂತಿ. ಆ ದಾರಿಗೆ ಬೇರೆ ಯಾವುದನ್ನೂ ಸೇರಿಸಬಾರದು. ಕೆಪ್ಯಾಸಿಟರಿನಿಂದ ಒಂದೇ ತಂತಿ ಹೊರಟು ಒಂದು ಬಿಂದು ಸೇರಲಿ. ಸ್ಪೀಕರಿನ ವಾಪಸು ತಂತಿ, ಐಸಿಯ ಗ್ರೌಂಡ್, ಇನ್‌ಪುಟ್‌ನ ಗ್ರೌಂಡ್ ಎಲ್ಲವೂ ಬೇರೆಬೇರೆಯಾಗಿ ಬಂದು ಅಲ್ಲಿ ಕೂಡಲಿ. ಎಲ್‌ಎ4440 ಮಾಡಿದವರಿಗೂ ಈ ಕಾಳಜಿ ಇತ್ತು; ಸಣ್ಣ ಸಂಕೇತದ ಗ್ರೌಂಡಿಗೂ ದೊಡ್ಡ ಕರೆಂಟಿನ ಗ್ರೌಂಡಿಗೂ ಐಸಿಯಲ್ಲೇ ಬೇರೆ ಬೇರೆ ಕಾಲು ಕೊಟ್ಟಿದ್ದಾರೆ. ಎರಡನ್ನೂ ಬೋರ್ಡಿನ ಮೇಲೆ ಹತ್ತಿರದಲ್ಲೇ ಒಂದುಮಾಡಿಬಿಟ್ಟರೆ ಆ ಅನುಕೂಲ ಹೋಯಿತು.

ಲ್ಯಾಪ್‌ಟಾಪ್ ಜೋಡಿಸಿದಾಗ ಮಾತ್ರ ಸದ್ದು ಬಂದು, ಅದರ ಚಾರ್ಜರ್ ಕಿತ್ತೊಡನೆ ನಿಂತರೆ ಕಾರಣ ಬೇರೆ. ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ಮೂರು ಪಿನ್ನಿನ ಪ್ಲಗ್ ಇದ್ದರೆ ಗೋಡೆಯೊಳಗಿನ ಅರ್ಥಿಂಗ್ ತಂತಿಯೂ ಆಡಿಯೋ ಕೇಬಲ್ಲಿನ ಶೀಲ್ಡೂ ಕೂಡಿ ಒಂದು ಕುಣಿಕೆಯಾಗುತ್ತದೆ, ಅದರಲ್ಲಿ ಸಣ್ಣ ಕರೆಂಟು ಸುತ್ತುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಸಾಲದಿದ್ದರೆ ಕೇಬಲ್ಲಿನ ನಡುವೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಅರ್ಥ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆಂದು ಯಾರು ಹೇಳಿದರೂ ಕೇಳಬೇಡಿ. 230 ವೋಲ್ಟ್ ಲೋಹದ ಪೆಟ್ಟಿಗೆಗೆ ತಾಗಿದ ದಿನ ಫ್ಯೂಸ್ ಹಾರಿಸಿ ಜೀವ ಉಳಿಸುವುದು ಅದೇ ಪಿನ್.

ಇಷ್ಟೆಲ್ಲ ಮಾಡಿದ ಮೇಲೂ ನಯವಾದ 50 ಹರ್ಟ್ಜ್ ಉಳಿದಿದ್ದರೆ ಅದು ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ್ದು. ಅದನ್ನು ಇನ್‌ಪುಟ್‌ನಿಂದ ದೂರ ಸರಿಸಿ. ದೂರ ಇಮ್ಮಡಿಯಾದರೆ ಕ್ಷೇತ್ರದ ಬಲ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಜಾಗವಿಲ್ಲದಿದ್ದರೆ ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಸಡಿಲಿಸಿ, ಸ್ವಲ್ಪ ತಿರುಗಿಸಿ, ಮತ್ತೆ ಹಾಕಿ ಕೇಳಿ. ಯಾವುದೋ ಒಂದು ಕೋನದಲ್ಲಿ ಸದ್ದು ತಟ್ಟನೆ ತಗ್ಗುತ್ತದೆ. ಸ್ಕ್ರೂ ಬಿಗಿಯಬೇಕಾದದ್ದು ಅಲ್ಲಿ.